ಬೂದ್ಯಾನ ತೊಡೆಯ ಮೇಲಿನ ಚೇಳು

ಲಿಂಗಸುಗೂರಿನ ಸಂತೆಯಲ್ಲಿ ತನ್ನ ನಾಯಿಯನ್ನು ಬೇರೆಯವರ ಹಗ್ಗದಲ್ಲಿ ಕಂಡಾಗ ಹೊನ್ನೂರಮ್ಮನಿಗೆ ಮೊದಲು ಆದದ್ದು ಖುಷಿ. ಮಳೆಗಾಲದ ಮೊದಲು ಕಳೆದುಹೋಗಿದ್ದ ನಾಯಿ ಅದು. ಹೆಸರು ಜಂಗ್ಯಾ. ಗಂಡ ಮಾನಪ್ಪ ಟಗರು ಮಾರುವ ಚೌಕಾಸಿಯಲ್ಲಿದ್ದ. ಅವನನ್ನು ಅಲ್ಲೇ ಬಿಟ್ಟು ಅವಳು ಜನರನ್ನು ಸರಿಸಿಕೊಂಡು ಓಡಿದಳು. ಜಂಗ್ಯಾ ಅವಳನ್ನು ಕಂಡದ್ದೇ ಹಗ್ಗ ಜಗ್ಗಿ, ಮುಂಗಾಲೆರಡನ್ನೂ ಅವಳ ಎದೆಯ ಮೇಲಿಟ್ಟು ಮುಖ ನೆಕ್ಕಿತು.

ಹಗ್ಗ ಹಿಡಿದವನು ಯಾವುದೋ ತೋಟದ ಕಾವಲುಗಾರ. ಅವನು ಜಗಳವಾಡಲಿಲ್ಲ, ಗದರಲೂ ಇಲ್ಲ. ರೊಟ್ಟಿ ತೋರಿಸಿದರೆ ನಾಯಿ ಯಾರ ಮೈಮೇಲಾದರೂ ಏರುತ್ತದೆ ಎಂದು ಸುತ್ತಲಿದ್ದವರಿಗೆ ಹೇಳಿ ನಕ್ಕು, ಅವಳ ಕಡೆ ತಿರುಗಿದ.

"ನಿಂದಂಬೋದಕ್ಕ ಗುರುತೇನೈತಿ? ಹೇಳು."

ಎಡಗಿವಿಯ ತುದಿ ಬೆಳ್ಳಗೈತಿ ಎಂದಳು ಹೊನ್ನೂರಮ್ಮ. ಹೇಳಿದ ಮೇಲೆಯೇ ಅವಳು ನಾಯಿಯ ಕಿವಿ ನೋಡಿದ್ದು. ತುದಿಯೇ ಇರಲಿಲ್ಲ. ಎರಡೂ ಕಿವಿಗಳನ್ನು ಬುಡದ ಹತ್ತಿರ ಕತ್ತರಿಸಿದ್ದರು. ಗಾಯ ಮಾಗಿ ಕರ್ರಗಾಗಿತ್ತು. ನೆರೆದಿದ್ದವರು ತಮ್ಮ ತಮ್ಮ ಕೆಲಸಕ್ಕೆ ಹೊರಟರು. ಕಾವಲುಗಾರ ನಾಯಿಯನ್ನು ಎಳೆದುಕೊಂಡು ಹೋದ. ಅದು ನಾಲ್ಕೂ ಕಾಲು ನೆಲಕ್ಕೂರಿ ಹಿಂದೆ ನೋಡುತ್ತಾ ಹೋಯಿತು. ಮಾನಪ್ಪ ಬಂದು ಏನಾಯಿತೆಂದು ಕೇಳಿದಾಗಲೂ ಅವಳು ಅದೇ ದಾರಿಯನ್ನು ನೋಡುತ್ತಾ ನಿಂತಿದ್ದಳು. ಇದು ಎಂಬತ್ತನಾಲ್ಕರ ಮಾತು.

ಹೊನ್ನೂರಮ್ಮ ಮಸ್ಕಿ ಸೀಮೆಯ ಕುರುಬರ ಸೊಸೆ. ತವರು ಲಿಂಗಸುಗೂರಿನ ಕಡೆಯ ಹಳ್ಳಿ. ಮದುವೆ ಗೊತ್ತಾದಾಗ ತಾಯಿ ಅಮರಮ್ಮ ಅವಳನ್ನು ಹಚ್ಚೆ ಹಾಕುವವಳ ಮುಂದೆ ಕೂರಿಸಿ, ತನ್ನ ಎಡಗೈ ಮೇಲಿದ್ದ ಚೇಳನ್ನೇ ಮಗಳ ಎಡಗೈಗೂ ಹಾಕಿಸಿದ್ದಳು. ಕೊಂಡಿ ಮೇಲೆತ್ತಿದ, ಬಾಲದ ತುದಿಗೆ ಮೂರು ಚುಕ್ಕಿ ಇದ್ದ ಚೇಳು. ಹುಡುಗಿ ನೋವಿಗೆ ಅತ್ತಾಗ ತಾಯಿ ಸಮಾಧಾನ ಹೇಳಿದ್ದು ಹೀಗೆ: ಬಂಗಾರ ಬಿಚ್ಚಿಕೊಳ್ಳುತ್ತಾರೆ, ಉಟ್ಟ ಸೀರೆ ಮಣ್ಣಾಗುತ್ತದೆ, ಹಚ್ಚೆ ಒಂದೇ ಸತ್ತ ಮೇಲೂ ಜೊತೆಗೆ ಬರುವುದು. ಅದಾದ ಮರುವರ್ಷವೇ ಅಮರಮ್ಮ ಜ್ವರದಲ್ಲಿ ತೀರಿಕೊಂಡಳು. ತಮ್ಮ ಅಯ್ಯಪ್ಪ ಆಗ ಇನ್ನೂ ಸೊಂಟದ ಮೇಲಿನ ಕೂಸು. ಹೊನ್ನೂರಮ್ಮ ಅವನನ್ನು ಗಂಡನ ಮನೆಗೇ ಕರೆತಂದು, ಕುರಿಮರಿಗಳ ನಡುವೆ ಬೆಳೆಸಿ, ಬಲಿತ ಮೇಲೆ ಲಿಂಗಸುಗೂರಿನ ಹಾಸ್ಟೆಲ್ಲಿಗೆ ಸೇರಿಸಿದಳು. ಅವನು ಕಲಿತು ಅಲ್ಲೇ ಒಂದು ಕಚೇರಿಯಲ್ಲಿ ಜವಾನನ ನೌಕರಿ ಹಿಡಿದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಬ್ಬಕ್ಕೆ ಬರುತ್ತಿದ್ದ ತಮ್ಮನನ್ನು ನೋಡಿ ಅವಳಿಗೆ ಒಳಗೊಳಗೇ ಹೆಮ್ಮೆ.

ಸಂತೆಯಿಂದ ಅವಳು ಬರಿಗೈಲಿ ಮನೆಗೆ ಬಂದಳು. ನಾಯಿ ಹೋದದ್ದಕ್ಕಿಂತ, ಅಷ್ಟು ಜನರ ಮುಂದೆ ನನ್ನದು ಎಂದು ತೋರಿಸಲು ಏನೂ ಇರಲಿಲ್ಲವಲ್ಲ ಎಂಬುದು ಅವಳನ್ನು ಕೊರೆಯುತ್ತಿತ್ತು. ಬೀಗರೊಬ್ಬರು ಬೂದಿ ಬಣ್ಣದ, ಉದ್ದ ಕಾಲಿನ ಬೇಟೆತಳಿಯ ಮರಿಯೊಂದನ್ನು ಕೊಟ್ಟಾಗ, ಅದಕ್ಕೆ ಹಾಲು ಕುಡಿಸುವ ಮೊದಲೇ ಅವಳು ಮನಸ್ಸಿನಲ್ಲಿ ನಿಶ್ಚಯ ಮಾಡಿಬಿಟ್ಟಿದ್ದಳು. ಈ ಸಲ ಕತ್ತರಿಸಲು ಬಾರದ ಗುರುತು ಬೇಕು.

ಹಚ್ಚೆ ಹಾಕುವ ಗದ್ದೆಮ್ಮ ಮಸ್ಕಿಯ ಸಂತೆಗೆ ಬಂದು ಬೇವಿನಮರದ ಬುಡದಲ್ಲಿ ಕೂರುತ್ತಿದ್ದಳು. ಕಾಡಿಗೆ, ಎಲೆಯ ರಸ, ಒಟ್ಟಿಗೆ ಬಿಗಿದು ಕಟ್ಟಿದ ಸೂಜಿಗಳು, ಇಷ್ಟೇ ಅವಳ ಸಾಮಾನು. ಹೊನ್ನೂರಮ್ಮ ಸೆರಗಿನೊಳಗಿಂದ ಮರಿಯನ್ನು ತೆಗೆದು, ಅದರ ಹಿಂಗಾಲು ಸರಿಸಿ, ಕೂದಲಿಲ್ಲದ ಒಳತೊಡೆಯನ್ನು ತೋರಿಸಿ, ಇಲ್ಲಿ ಹಾಕು ಎಂದಳು. ಗದ್ದೆಮ್ಮ ಮೊದಲು ಇದು ಚೇಷ್ಟೆ ಎಂದುಕೊಂಡಳು. ಚೇಷ್ಟೆಯಲ್ಲ ಎಂದು ತಿಳಿದಾಗ ಸೂಜಿಯ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡುಬಿಟ್ಟಳು. ಮದುಮಕ್ಕಳ ಕೈ ಮುಟ್ಟಿದ ಸೂಜಿಯನ್ನು ನಾಯಿಗೆ ಚುಚ್ಚುವುದೇ?

ಹೊನ್ನೂರಮ್ಮ ಸಂತೆಯಲ್ಲಿ ಆದದ್ದನ್ನೆಲ್ಲ ಹೇಳಿದಳು. ಕತ್ತರಿಸಿದ ಕಿವಿಯ ಮಾತು ಬಂದಾಗ ಗದ್ದೆಮ್ಮ ತುಟಿ ಕಚ್ಚಿಕೊಂಡಳು. ಕಡೆಗೆ ಎದ್ದುಹೋಗಿ ಅಂಗಡಿಯಿಂದ ಹೊಸ ಸೂಜಿ ತಂದಳು. ಕೆಲಸ ಮುಗಿದ ಮೇಲೆ ಅವನ್ನು ಮಣ್ಣಲ್ಲಿ ಹೂಳುತ್ತೇನೆ, ಇನ್ನೊಬ್ಬರ ಮೈಗೆ ಮುಟ್ಟಿಸುವುದಿಲ್ಲ ಎಂದಳು.

"ಏನು ಹಾಕ್ಲಿ? ಚುಕ್ಕಿ ಸಾಕೇನು?"

ಹೊನ್ನೂರಮ್ಮ ಬಳೆ ಮೇಲೇರಿಸಿ ತನ್ನ ಎಡಗೈ ಚಾಚಿದಳು. "ಇದನ್ನ ನೋಡಿ ಹಾಕು. ಬ್ಯಾರೆ ಯಾರ ಕಡೆನೂ ಇರಬಾರದು. ಯಾರರ ಗುರುತು ಕೇಳಿದ್ರ ನನ್ನ ಕೈನೂ ಅದರ ತೊಡಿನೂ ಕೂಡಿಸಿ ತೋರಸ್ತೀನಿ."

ಮರಿ ಒದ್ದಾಡಿತು, ಕುಂಯ್‌ಗುಟ್ಟಿತು. ಜೊತೆಗೆ ಬಂದಿದ್ದ ಮಾನಪ್ಪ ಅದರ ತಲೆಯನ್ನು ಕಂಬಳಿಯಲ್ಲಿ ಮುಚ್ಚಿ ಹಿಡಿದುಕೊಂಡ. ಮರಿ ಬೆಳೆದಂತೆ ಚೇಳೂ ಹಿಗ್ಗುತ್ತದೆ, ಅಳಿಯುವುದಿಲ್ಲ ಎಂದು ಗದ್ದೆಮ್ಮ ಭರವಸೆ ಕೊಟ್ಟಳು. ಗಾಯ ಆರಿದ ಮೇಲೆ ಗುಲಾಬಿ ತೊಗಲಿನ ಮೇಲೆ ಹಸಿರು ಚೇಳು ಕೊಂಡಿ ಎತ್ತಿ ನಿಂತಿತ್ತು. ಮರಿಗೆ ಬೂದ್ಯಾ ಎಂದು ಹೆಸರಿಟ್ಟರು.

ಸುದ್ದಿ ಊರಲ್ಲಿ ಹಬ್ಬಲು ಬಹಳ ಹೊತ್ತು ಬೇಕಾಗಲಿಲ್ಲ. ಕೆಲವರು ನಕ್ಕರು, ಹಲವರು ಮೂಗು ಮುರಿದರು. ಎಲ್ಲರಿಗಿಂತ ಹೆಚ್ಚು ಸಿಡಿದವಳು ಅತ್ತೆ ಗ್ಯಾನಮ್ಮ. ಮುತ್ತೈದೆಯ ಕೈಮೇಲಿನದನ್ನು ನಾಯಿಯ ಕಾಲಸಂದಿಗೆ ಹಾಕಿಸಿದವಳ ಕೈಯ ರೊಟ್ಟಿ ತನಗೆ ಬೇಡವೆಂದು ಅಂಗಳದಲ್ಲಿ ಬೇರೆ ಒಲೆ ಹೂಡಿದಳು. ಮಾನಪ್ಪ ನಡುವೆ ಸಿಕ್ಕಿ, ಒಂದು ಹೊತ್ತು ತಾಯಿಯ ಒಲೆಯ ಮುಂದೆ, ಒಂದು ಹೊತ್ತು ಹೆಂಡತಿಯ ಒಲೆಯ ಮುಂದೆ ಉಣ್ಣತೊಡಗಿದ. ಹೊನ್ನೂರಮ್ಮ ಬಗ್ಗಲಿಲ್ಲ. ಅತ್ತೆಯೂ ಬಗ್ಗಲಿಲ್ಲ. ಮುಂದಿನ ಹಬ್ಬಕ್ಕೆ ಬಂದ ಅಯ್ಯಪ್ಪನ ಕಿವಿಗೂ ಸುದ್ದಿ ಬಿತ್ತು. ತಾಟಿನಲ್ಲಿ ಹೋಳಿಗೆ ಬಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದ. ಅಕ್ಕ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಬೂದ್ಯಾ ಎರಡು ವರ್ಷದಲ್ಲಿ ಕರುವಿನೆತ್ತರಕ್ಕೆ ಬೆಳೆಯಿತು. ಭತ್ತದ ಕೊಯ್ಲು ಮುಗಿದ ಮೇಲೆ ಹೊನ್ನೂರಮ್ಮನ ಕುಟುಂಬ ಕುರಿ ಹೊಡೆದುಕೊಂಡು ಸಿಂಧನೂರಿನ ಕಾಲುವೆ ಸೀಮೆಗೆ ಇಳಿಯುತ್ತಿತ್ತು. ಗೊಬ್ಬರಕ್ಕಾಗಿ ರೈತರು ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಒಂದು ವಾರ ಗೊರೇಬಾಳದ ಹೊಲ, ಇನ್ನೊಂದು ವಾರ ತುರ್ವಿಹಾಳದ ಕಡೆ. ತೋಳದ ಕಾಟವಿದ್ದ ಕಾಲ ಅದು. ಬೂದ್ಯಾ ಬಂದ ಮೇಲೆ ಹಿಂಡಿನಿಂದ ಒಂದು ಮರಿಯೂ ಹೋಗಿರಲಿಲ್ಲ.

ಅದು ಕಳೆದದ್ದು ಹಾಡುಹಗಲಲ್ಲಿ. ಮಾನಪ್ಪ ಕುರಿ ಹೊಡೆದುಕೊಂಡು ಕೂಳೆಗದ್ದೆಗೆ ಹೋಗಿದ್ದ. ಹೊನ್ನೂರಮ್ಮ ಜೋಳ ಬೀಸಿಸಲು ಸಿಂಧನೂರಿಗೆ ಹೋಗಿದ್ದಳು. ಬೂದ್ಯಾನನ್ನು ಎಳೆಮರಿಗಳ ಕಾವಲಿಗೆಂದು ಗುಡಾರದ ಗೂಟಕ್ಕೆ ಕಟ್ಟಿದ್ದರು. ಅವಳು ಹಿಟ್ಟಿನ ಗಂಟು ಹೊತ್ತು ಬಂದು ನೋಡಿದರೆ ಮರಿಗಳು ಬುಟ್ಟಿಯ ಕೆಳಗೆ ಇದ್ದಂತೆಯೇ ಇದ್ದವು. ನಾಯಿ ಇರಲಿಲ್ಲ. ಹಗ್ಗ ಹರಿದಿರಲಿಲ್ಲ, ಯಾರೋ ನಿಧಾನಕ್ಕೆ ಗಂಟು ಬಿಚ್ಚಿದ್ದರು. ಕಾಲುವೆಯ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಜಂಗ್ಲಿಸಾಬನನ್ನು ಕೇಳಿದರೆ, ಇಡೀ ದಿನ ಅಲ್ಲೇ ಇದ್ದರೂ ನಾಯಿ ಒಂದು ಸಲವೂ ಒದರಿದ್ದು ಕೇಳಲಿಲ್ಲ ಎಂದ. ಹೊಸಬರು ಹತ್ತಿರ ಬಂದರೆ ಕಾಲುವೆಯ ಆಚೆ ದಂಡೆಗೂ ಕೇಳುವಂತೆ ಒದರುವ ನಾಯಿ. ಹೊನ್ನೂರಮ್ಮ ಹಿಟ್ಟಿನ ಗಂಟನ್ನು ಇಳಿಸುವುದನ್ನೂ ಮರೆತು ಹಾಗೇ ನಿಂತಿದ್ದಳು.

ಹುಡುಕದ ಜಾಗವಿಲ್ಲ. ಸಿಂಧನೂರಿನ ಬಸ್‌ ಸ್ಟ್ಯಾಂಡು, ಅಕ್ಕಿ ಗಿರಣಿಗಳು, ಲಿಂಗಸುಗೂರಿನ ಸಂತೆ. ಹೋದಲ್ಲೆಲ್ಲ ಅವಳು ತನ್ನ ಕೈಯ ಚೇಳನ್ನು ತೋರಿಸಿ, ಇಂಥದ್ದು ತೊಡೆಯೊಳಗಿರುವ ನಾಯಿ ಎಂದು ಹೇಳುತ್ತಿದ್ದಳು. ಗುರುತು ಇತ್ತು, ಆದರೆ ಗುರುತು ಹೊತ್ತ ನಾಯಿಯೇ ಇರಲಿಲ್ಲ. ಅಯ್ಯಪ್ಪನಿಗೂ ಹೇಳಿಕಳಿಸಿದಳು. ಅವನು ತನಗೆ ರಜೆ ಇಲ್ಲವೆಂದು ತಿಳಿಸಿದ.

ಮರುವರ್ಷದ ಕೊಯ್ಲಿನ ನಂತರ ಮಾನಪ್ಪನಿಗೆ ಹೊಸ ಕಡೆಯಿಂದ ಕರೆ ಬಂತು. ಸಿಂಧನೂರಿನ ಬಳಿ ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ್ದ ಬಂಗಾಳಿ ರೈತ ಹರಿಪದ ತನ್ನ ಗದ್ದೆಯಲ್ಲಿ ಕುರಿ ನಿಲ್ಲಿಸಲು ಹೇಳಿದ್ದ. ಹಿಂಡು ಗದ್ದೆಗಿಳಿಯುತ್ತಿದ್ದಂತೆ ಅವನ ಮನೆಯ ಕಡೆಯಿಂದ ಬೂದಿ ಬಣ್ಣದ ನಾಯಿಯೊಂದು ಕುಂಟುತ್ತಾ ಓಡಿಬಂತು. ಕುರಿಗಳು ಚದುರಲಿಲ್ಲ. ನಾಯಿ ನೇರ ಬಂದು ಹೊನ್ನೂರಮ್ಮನ ಕಾಲಿಗೆ ಸುತ್ತಿಕೊಂಡು ಉಚ್ಚೆ ಹೊಯ್ದುಕೊಂಡಿತು. ಅವಳು ಅಲ್ಲೇ ಕೂಳೆಯ ಮೇಲೆ ಕುಸಿದು ಕುಳಿತು ಅದರ ಕುತ್ತಿಗೆ ತಬ್ಬಿದಳು.

ಹಿಂದೆಯೇ ಬಂದ ಹರಿಪದ ಕಕ್ಕಾಬಿಕ್ಕಿಯಾದ. ಅದು ತಮ್ಮ ಭುಲು ಎಂದ. ಹೋದ ವರ್ಷ ಕಾಲುವೆಯ ಪಕ್ಕದ ಹುಲ್ಲಿನಲ್ಲಿ ಸಾಯುವ ಹಾಗೆ ಬಿದ್ದಿತ್ತು, ಹೆಂಡತಿ ಎತ್ತಿತಂದು ಬೇವಿನೆಣ್ಣೆ, ಅರಿಶಿನ ಹಚ್ಚಿ ಬದುಕಿಸಿದಳು, ಈಗ ನಿಮ್ಮದು ಎಂದರೆ ಹೇಗೆ ಎಂದು ತನ್ನ ಅರೆಬರೆ ಕನ್ನಡದಲ್ಲಿ ಕೇಳಿದ. ಗುರುತು ಏನು ಎಂಬ ಮಾತು ಅವನ ಬಾಯಿಂದಲೂ ಬಂತು.

ಹೊನ್ನೂರಮ್ಮ ಈ ಮಾತಿಗೆ ವರ್ಷಗಳಿಂದ ಕಾದಿದ್ದವಳು. ಬಳೆ ಮೇಲೇರಿಸಿ ಚೇಳು ತೋರಿಸಿದಳು. ಇದೇ ಅದರ ತೊಡೆಯೊಳಗೂ ಇದೆ ಎಂದು ನಾಯಿಯನ್ನು ಮಗ್ಗುಲಿಗೆ ಮಲಗಿಸಿ ಹಿಂಗಾಲು ಎತ್ತಿದಳು.

ಅಲ್ಲಿ ಚೇಳಿರಲಿಲ್ಲ.

ಚೇಳಿದ್ದ ಕಡೆ ಅಂಗೈಯಗಲದ ಸುಟ್ಟ ಕಲೆ. ತೊಗಲು ಮುದುಡಿ, ಕರಟಿ, ಮೇಣದ ಹಾಗೆ ಹೊಳೆಯುತ್ತಿತ್ತು. ಕಾಲು ಕುಂಟಾದದ್ದು ಅದರ ಸೆಳೆತಕ್ಕೆ. ಮಾನಪ್ಪ ಬಗ್ಗಿ ನೋಡಿ ಮುಖ ತಿರುಗಿಸಿಕೊಂಡ. ಆಗ ಹರಿಪದನ ಹೆಂಡತಿ ಮಂಡಿಯೂರಿ ಕುಳಿತು ಕಲೆಯ ಅಂಚಿನಲ್ಲಿ ಬೆರಳಿಟ್ಟಳು. ಅಲ್ಲಿ, ಸುಡದೆ ಉಳಿದ ತೊಗಲಿನ ಮೇಲೆ, ಮೂರು ಹಸಿರು ಚುಕ್ಕಿಗಳಿದ್ದವು. ಆಕೆ ಹೊನ್ನೂರಮ್ಮನ ಕೈ ಎಳೆದು ಪಕ್ಕದಲ್ಲಿಟ್ಟು ನೋಡಿದಳು. ಬಾಲದ ತುದಿಯ ಮೂರು ಚುಕ್ಕಿ. ಗಂಡನಿಗೆ ಬಂಗಾಳಿಯಲ್ಲಿ ಏನೋ ಹೇಳಿ, ಕಣ್ಣೊರೆಸಿಕೊಂಡು ಒಳಗೆ ಹೋದಳು. ಹರಿಪದ ನಾಯಿಯ ಕುತ್ತಿಗೆಯ ದಾರವನ್ನು ತಾನೇ ಬಿಚ್ಚಿದ.

ನಾಯಿ ಸಿಕ್ಕಿತು. ಆದರೆ ಹೊನ್ನೂರಮ್ಮನಿಗೆ ಸಮಾಧಾನವಿಲ್ಲ. ಕಳ್ಳನಾಗಿದ್ದರೆ ಮಾರಿಕೊಳ್ಳುತ್ತಿದ್ದ. ಬೇರೆಲ್ಲೂ ಒಂದು ಗೀರಿಲ್ಲದೆ ಚೇಳನ್ನೇ ಹುಡುಕಿ ಸುಟ್ಟವರು ಯಾರು? ಅದು ಅಲ್ಲಿದೆ ಎಂದು ಗೊತ್ತಿದ್ದವರು. ಅದನ್ನು ಕಂಡರೆ ಆಗದವರು. ಅವಳ ಮನಸ್ಸು ನೇರವಾಗಿ ಒಬ್ಬರ ಮೇಲೆ ಹೋಯಿತು. ಊರಿಗೆ ಮರಳಿದ ದಿನವೇ ಅಂಗಳದ ಬೇರೆ ಒಲೆಯ ಮುಂದೆ ನಿಂತು, ಯಾರ ಕೈಲಿ ಮಾಡಿಸಿದೆ ಎಂದು ಅತ್ತೆಯನ್ನು ಕೇಳಿಬಿಟ್ಟಳು.

ಗ್ಯಾನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾಯಿಯನ್ನು ಹತ್ತಿರ ಕರೆದು, ಆ ಕಾಲನ್ನು ಎತ್ತಿ ನೋಡಿದಳು. ಕಾಲನ್ನು ಮೆಲ್ಲಗೆ ಕೆಳಗಿಟ್ಟಳು. ಅವಳು ಆಡಿದ್ದು ಒಂದೇ ಮಾತು.

"ನಾ ಸುಡಾಕಿ ಆಗಿದ್ರ ನಿನ್ನ ಮುಂದ ಸುಡತಿದ್ದೆ. ಕದ್ದು ಮಾಡೋ ರೂಢಿ ನನಗಿಲ್ಲ."

ಸೊಸೆ ನಂಬಲಿಲ್ಲ. ಗ್ಯಾನಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಉಗಾದಿಗೆ ಅಯ್ಯಪ್ಪ ಬಂದ. ಅವನ ಮದುವೆ ಗೊತ್ತಾಗಿತ್ತು, ಹೇಳಲು ಬಂದಿದ್ದ. ಬೂದ್ಯಾ ಸಿಕ್ಕ ಸುದ್ದಿ ಅವನಿಗೆ ಇನ್ನೂ ಮುಟ್ಟಿರಲಿಲ್ಲ. ಹೊನ್ನೂರಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿ, ಚಹ ಕೊಟ್ಟು, ಎದುರಿಗೆ ಕುಳಿತಳು. ಗ್ಯಾನಮ್ಮ ಅಂಗಳದಲ್ಲಿ ಬೇವಿನ ಹೂ ಆರಿಸುತ್ತಿದ್ದಳು. ಹಿತ್ತಲಲ್ಲಿದ್ದ ಬೂದ್ಯಾ ಮಾತಿನ ಸದ್ದು ಕೇಳಿ ಬಾಗಿಲಿಗೆ ಬಂತು. ತೋಳಕ್ಕೆ ಎದುರು ನಿಂತ ನಾಯಿ, ಅಯ್ಯಪ್ಪನ ದನಿ ಕಿವಿಗೆ ಬಿದ್ದದ್ದೇ ಹೊಟ್ಟೆ ನೆಲಕ್ಕೆ ಹಚ್ಚಿ ಹಿಂದಕ್ಕೆ ತೆವಳಿತು. ಕೇರುವ ಮೊರ, ಕೊಡ ಎಲ್ಲ ಉರುಳಿಸಿಕೊಂಡು ಕಣಜದ ಸಂದಿಗೆ ನುಗ್ಗಿ, ಸುಟ್ಟ ಕಾಲನ್ನು ಮೈಯೊಳಗೆ ಮಡಚಿಕೊಂಡು, ಗೋಡೆಗೆ ಮುಖ ಮಾಡಿ ನಡುಗುತ್ತಾ ಕುಳಿತಿತು.

ಹೊನ್ನೂರಮ್ಮ ನಾಯಿಯನ್ನು ನೋಡಿದಳು. ತಮ್ಮನನ್ನು ನೋಡಿದಳು. ಅವನ ಕೈಯ ಬಸಿಯಿಂದ ಚಹ ಅಂಗಿಯ ಮೇಲೆ ಚೆಲ್ಲುತ್ತಿತ್ತು, ಅದು ಅವನಿಗೆ ತಿಳಿಯುತ್ತಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವನು. ಬೂದ್ಯಾನಿಗೆ ಮರಿಯಿದ್ದಾಗಿನಿಂದ ಪರಿಚಯವಿದ್ದವನು. ಅವನು ಬಂದರೆ ಅದು ಒದರುತ್ತಿರಲಿಲ್ಲ.

"ನೀನಾ?" ಎಂದಳು.

ಅಯ್ಯಪ್ಪ ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿ ಒಂದೊಂದಾಗಿ ಹೇಳಿದ. ಹೆಣ್ಣು ನೋಡಲು ಹೋದಲ್ಲಿ, ಅಕ್ಕನ ಹಚ್ಚೆ ನಾಯಿಯ ತೊಡೆಯ ಮೇಲಿದೆಯಂತಲ್ಲ ಎಂದು ಯಾರೋ ನಗೆಯಾಡಿದ್ದರು. ನಾಯಿ ಕಳೆದ ದಿನ ಮುಂಜಾನೆಯ ಬಸ್ಸಿಗೆ ಬಂದು, ಅಕ್ಕ ಸಿಂಧನೂರಿಗೆ ಹೋಗುವುದನ್ನು ದೂರದಿಂದ ನೋಡಿ, ನಾಯಿಯನ್ನು ಬಿಚ್ಚಿಕೊಂಡು ಕಾಲುವೆಯ ಗುಂಟ ಕರೆದೊಯ್ದಿದ್ದ. ಕುಡುಗೋಲು ಕಾಯಿಸಿದ್ದ. ಆದರೆ ನಗೆಯಾಡಿದ್ದು ನೆಪ ಅಷ್ಟೇ ಎಂದ.

"ಅವ್ವನ ಮಾರಿ ನನಗ ನೆನಪಿಲ್ಲ ಅಕ್ಕಾ. ಎಷ್ಟು ನೆನಸಿದ್ರೂ ಬರೂದಿಲ್ಲ. ಆಕಿ ಕೈಮ್ಯಾಲಿನ ಚೇಳೊಂದ ನೆನಪೈತಿ. ನನ್ನ ಅವ್ವ ಅಂದ್ರ ಅದಷ್ಟ. ಅದನ್ನ ನೀ ನಾಯಿ ತೊಡಿಗಿ ಹಾಕಿಸಿದಿ."

ಹೊನ್ನೂರಮ್ಮ ಇಂಥದ್ದೊಂದು ಮಾತು ಕೇಳಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ತಾಯಿಯ ಮುಖ ಅವಳಿಗೆ ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ತಮ್ಮನಿಗೆ ಕಾಣುವುದಿಲ್ಲ ಎಂಬುದನ್ನು ಅಷ್ಟು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ.

"ಅವ್ವ ಇದ್ದಿದ್ರ," ಎಂದಳು, "ಮೊದಲು ಆ ನಾಯಿ ಗಾಯಕ್ಕ ಎಣ್ಣಿ ಹಚ್ಚತಿದ್ಲು."

ಅಯ್ಯಪ್ಪ ಉಣ್ಣದೆ ಹೋದ. ಅಂಗಳದಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಗ್ಯಾನಮ್ಮ ಬೇವಿನ ಹೂ ಆರಿಸುತ್ತಲೇ ಇದ್ದಳು. ಹೊನ್ನೂರಮ್ಮ ಹೋಗಿ ಅವಳ ಕಾಲು ಹಿಡಿದಳು. ಗ್ಯಾನಮ್ಮ ಕಾಲು ಎಳೆದುಕೊಳ್ಳಲಿಲ್ಲ, ತಲೆ ನೇವರಿಸಲೂ ಇಲ್ಲ. ಬೂದ್ಯಾ ಇನ್ನೂ ಕಣಜದ ಸಂದಿಯಲ್ಲೇ ಇತ್ತು. ಅದನ್ನು ಹೊರಗೆ ಕರೆಯಲು ಯಾರಿಂದಲೂ ಆಗದಿದ್ದಾಗ ಗ್ಯಾನಮ್ಮನೇ ಎದ್ದು, ತನ್ನ ಒಲೆಯ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಸಂದಿಯ ಮುಂದೆ ಇಟ್ಟು ಕುಳಿತಳು. ಹೊತ್ತು ಮುಳುಗುವ ಮೊದಲು ನಾಯಿ ಹೊರಬಂತು. ಅಂಗಳದ ಒಲೆ ಅದಾದ ಮೇಲೂ ಕೆಲವು ತಿಂಗಳು ಉರಿಯಿತು. ಆಮೇಲೆ ಒಂದು ಮಳೆಗೆ ಕರಗಿತು, ಯಾರೂ ಮತ್ತೆ ಹೂಡಲಿಲ್ಲ.

ತಮ್ಮನ ಮದುವೆಗೆ ಹೊನ್ನೂರಮ್ಮ ಹೋದಳು. ಅಕ್ಕಿಕಾಳು ಹಾಕಿ ಬಂದಳು. ಹರಿಪದನ ಗದ್ದೆಯಲ್ಲಿ ಪ್ರತಿ ವರ್ಷವೂ ಮೊದಲು ಕುರಿ ನಿಲ್ಲಿಸುವುದು ರೂಢಿಯಾಯಿತು. ಅಲ್ಲಿ ಇರುವಷ್ಟು ದಿನ ನಾಯಿ ಭುಲು ಎಂದರೂ ತಿರುಗುತ್ತಿತ್ತು, ಬೂದ್ಯಾ ಎಂದರೂ ತಿರುಗುತ್ತಿತ್ತು.

ತೊಂಬತ್ತಾರರ ಸುಮಾರಿಗೆ, ಬೂದ್ಯಾ ಮುದಿಯಾಗಿದ್ದಾಗ, ಹುಚ್ಚುನಾಯಿಯ ಸೂಜಿ ಹಾಕಿಸಲು ಸಿಂಧನೂರಿನ ದನದ ದವಾಖಾನೆಗೆ ಕರೆದೊಯ್ದಿದ್ದರು. ಅಲ್ಲಿನ ಡಾಕ್ಟರು ಕಲೆ ನೋಡಿ ಕೇಳಿದರು, ಹೊನ್ನೂರಮ್ಮ ಹೇಳಿದಳು. ಹೊರದೇಶಗಳಲ್ಲಿ ಈಗ ಅಕ್ಕಿಕಾಳಿನಷ್ಟು ಸಣ್ಣದೊಂದು ವಸ್ತುವನ್ನು ಸೂಜಿಯಿಂದ ಮರಿಯ ತೊಗಲಿನ ಕೆಳಗೆ ಇಡುತ್ತಾರಂತೆ, ಅದರಲ್ಲಿ ನಂಬರು ಇರುತ್ತದಂತೆ, ಯಂತ್ರ ಹಿಡಿದರೆ ಯಾರ ನಾಯಿ ಎಂದು ತಿಳಿಯುತ್ತದಂತೆ ಎಂದು ಡಾಕ್ಟರು ತಾವು ಓದಿದ್ದನ್ನು ಹೇಳಿದರು. ಅದು ಹೊರಗೆ ಕಾಣುತ್ತದೆಯೇ ಎಂದು ಅವಳು ಕೇಳಿದಳು. ಇಲ್ಲ, ಕಣ್ಣಿಗೂ ಕಾಣುವುದಿಲ್ಲ, ಕೈಗೂ ಹತ್ತುವುದಿಲ್ಲ ಎಂದರು. ಹೊನ್ನೂರಮ್ಮ ಬೂದ್ಯಾನ ಕಲೆಯ ಮೇಲೆ ಕೈಯಾಡಿಸಿದಳು. ಕಾಣದ ಗುರುತಿಗೆ ನಗುವವರೂ ಇಲ್ಲ, ಸುಡುವವರೂ ಇಲ್ಲ. ಇಂಥದ್ದು ಲೋಕದಲ್ಲಿದೆ ಎಂದು ಅಂದೇ ಗೊತ್ತಿದ್ದರೆ ಎಂದು ಮಾನಪ್ಪನಿಗೆ ಹೇಳಹೋದವಳು ಅರ್ಧಕ್ಕೆ ನಿಲ್ಲಿಸಿದಳು.

ಬೂದ್ಯಾ ಸತ್ತದ್ದು ಆ ವರ್ಷದ ಚಳಿಯಲ್ಲಿ. ಸುದ್ದಿ ಕೇಳಿ ಅಯ್ಯಪ್ಪ ಬಂದ. ಆ ಉಗಾದಿಯಿಂದ ಈಚೆಗೆ, ನಾಯಿ ಇದ್ದಷ್ಟು ಕಾಲ, ಅವನು ಅಕ್ಕನ ಮನೆಯ ಹೊಸ್ತಿಲು ದಾಟಿರಲಿಲ್ಲ. ಅಂದು ದಾಟಿ ಒಳಗೆ ಬಂದು ಕುಳಿತ. ತಲೆಯಲ್ಲಿ ಒಂದೆರಡು ಬಿಳಿಗೂದಲು ಬಂದಿದ್ದವು. ಹೊನ್ನೂರಮ್ಮ ಊಟಕ್ಕೆ ಹಾಕಿದಳು. ಇಷ್ಟು ವರ್ಷ ಕೇಳಬೇಕೆಂದು ಕೇಳದೆ ಬಿಟ್ಟದ್ದನ್ನು ಅವಳು ಅಂದು ಕೇಳಿದಳು. ಕಾಲುವೆಯ ಗುಂಟ ಕರೆದೊಯ್ಯುವಾಗ ನಾಯಿ ಒದ್ದಾಡಲಿಲ್ಲವೇ, ಕುಡುಗೋಲು ಕಾಯಿಸುವಾಗಲಾದರೂ ಓಡಲಿಲ್ಲವೇ ಎಂದು.

ಅಯ್ಯಪ್ಪ ತುತ್ತು ಕೆಳಗಿಟ್ಟ.

"ಇಲ್ಲ ಅಕ್ಕಾ. ಬೆಂಕಿ ಪಕ್ಕದಾಗ ನನ್ನ ತೊಡಿಮ್ಯಾಲ ತಲಿ ಇಟ್ಟು ಮಲಗಿತ್ತು. ಕುಡಗೋಲು ತಾಕೂಮಟ ಹಂಗ ಮಲಗಿತ್ತು."

ಹೊನ್ನೂರಮ್ಮನ ಕೈ ಮಜ್ಜಿಗೆಯ ಚೆಂಬಿನ ಮೇಲೆ ಹಾಗೇ ನಿಂತುಬಿಟ್ಟಿತು. ಹೊರಗೆ ಮಾನಪ್ಪ ಕುರಿಗಳನ್ನು ದೊಡ್ಡಿಗೆ ಕೂಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಆಮೇಲೆ ಅವಳು ಚೆಂಬು ಎತ್ತಿ ತಮ್ಮನ ಲೋಟಕ್ಕೆ ಮಜ್ಜಿಗೆ ಹೊಯ್ದಳು. ಅವನು ಮುಖ ಮೇಲೆತ್ತದೆ ಕುಡಿದ.